14416: ಟೆನ್ಶನ್ ತಡೆಯಲಾರದಾಗ ಈ ನಂಬರು ಎಷ್ಟು ಕೆಲಸಕ್ಕೆ ಬರುತ್ತದೆ?

ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಸರ್ಕಾರಿ ನೌಕರಿ ಪರೀಕ್ಷೆಗೆ ಓದುವವರು, ಹುಬ್ಬಳ್ಳಿ ಗೋಕುಲ ರಸ್ತೆಯ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುವವರು, ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ತಂದು ದರ ಕುಸಿದದ್ದನ್ನು ನೋಡುವ ರೈತರು, ಡಾಕ್ಟರ ಮುಂದೆ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: 'ನಿದ್ದೀನ ಹತ್ತವಲ್ದ್ರಿ, ಎದಿ ಡವಡವ ಅಂತೈತಿ, ತಲಿ ಜಡ ಆಗೇತಿ.' ರಕ್ತಪರೀಕ್ಷೆ, ಇಸಿಜಿ ಎಲ್ಲ ಸರಿ ಬಂದ ಮೇಲೆ ಮುಂದೇನು ಮಾಡಬೇಕೆಂದು ತಿಳಿಯದೆ ಬಹಳ ಮಂದಿ ಅಲ್ಲೇ ನಿಂತುಬಿಡುತ್ತಾರೆ. ಅಂಥವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ (14416) ಒಳ್ಳೆಯ ಮೊದಲ ಹೆಜ್ಜೆ. ಆದರೆ ಅದೊಂದೇ ಸಾಕು ಎಂದುಕೊಂಡರೆ ನಿರಾಸೆಯಾಗುತ್ತದೆ.

ಸೇವೆ ಶುರುವಾದದ್ದು 2022ರ ಅಕ್ಟೋಬರ್ 10ರಂದು. ನಂಬರು 14416, ಅದು ಹತ್ತದಿದ್ದರೆ 1800-891-4416. ದಿನದ 24 ಗಂಟೆಯೂ ಇರುತ್ತದೆ, ಹಣ ಕೊಡಬೇಕಾಗಿಲ್ಲ. ಕರೆ ಹತ್ತಿದ ಕೂಡಲೇ ಮೊದಲೇ ರೆಕಾರ್ಡ್ ಮಾಡಿಟ್ಟ ಧ್ವನಿ ನಿಮಗೆ ಯಾವ ಭಾಷೆ ಬೇಕೆಂದು ಕೇಳುತ್ತದೆ. ಕನ್ನಡಕ್ಕೆ ಯಾವ ಗುಂಡಿ ಎಂಬುದನ್ನು ಪೂರ್ತಿ ಕೇಳಿಸಿಕೊಂಡು ಒತ್ತಿ, ಅವಸರ ಮಾಡಿದರೆ ಬೇರೆ ಭಾಷೆಯವರ ಹತ್ತಿರ ಹೋಗುತ್ತೀರಿ. ಮೊದಲು ಮಾತಾಡುವವರು ತರಬೇತಿ ಪಡೆದ ಆಪ್ತಸಮಾಲೋಚಕರು. ವಿಷಯ ಗಂಭೀರ ಎನಿಸಿದರೆ ಅವರೇ ಮನೋವೈದ್ಯರಿಗೆ ಅಥವಾ ಮನಶ್ಶಾಸ್ತ್ರಜ್ಞರಿಗೆ ಕರೆ ದಾಟಿಸುತ್ತಾರೆ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಕಳಿಸುತ್ತಾರೆ. 2024ರ ಅಕ್ಟೋಬರ್‌ನಿಂದ ವಿಡಿಯೋ ಸಮಾಲೋಚನೆಯೂ ಸೇರಿದೆ. ಈ ವಿಡಿಯೋ ಸೌಲಭ್ಯ ಮೊದಲು ಬಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಕರೆಯಿಂದ ಉಪಯೋಗ ಆಗುವುದು, ಬಿಡುವುದು ಬಹಳಮಟ್ಟಿಗೆ ನಿಮ್ಮ ತಯಾರಿಯ ಮೇಲಿದೆ. 'ಬಾಳ ಟೆನ್ಶನ್ ಐತ್ರಿ' ಎಂದಷ್ಟೇ ಹೇಳಿದರೆ ಮೊದಲ ಹತ್ತು ನಿಮಿಷ ಬರೀ ಪ್ರಶ್ನೆ ಉತ್ತರದಲ್ಲಿ ಕಳೆಯುತ್ತದೆ. ಚೀಟಿಯಲ್ಲಿ ನಾಲ್ಕು ಸಂಗತಿ ಬರೆದಿಟ್ಟುಕೊಳ್ಳಿ: ಎಷ್ಟು ವಾರದಿಂದ ಹೀಗಿದೆ, ರಾತ್ರಿ ಎಷ್ಟು ತಾಸು ನಿದ್ದೆ, ಯಾವ ಕೆಲಸ ಮಾಡಲು ಆಗುತ್ತಿಲ್ಲ, ಈಗ ಯಾವ ಗುಳಿಗೆ ನಡೆದಿದೆ. ಹೆಸರು ಹೇಳಲೇಬೇಕೆಂದಿಲ್ಲ. ಸಾಯಬೇಕು ಎಂಬ ವಿಚಾರ ಬರುತ್ತದೆಯೇ ಎಂದು ಅವರು ನೇರವಾಗಿ ಕೇಳಬಹುದು. ಅದು ಎಲ್ಲರಿಗೂ ಕೇಳುವ ಪ್ರಶ್ನೆ, ಸಿಟ್ಟಾಗಬೇಡಿ, ಇದ್ದದ್ದು ಇದ್ದಹಾಗೆ ಹೇಳಿ. ಹಾಗೆ ಕೇಳುವುದರಿಂದ ಇಲ್ಲದ ವಿಚಾರ ಹುಟ್ಟಿಕೊಳ್ಳುವುದಿಲ್ಲ.

ಮಾತಾಡಲು ಜಾಗ ಸಿಗುವುದೇ ನಮ್ಮ ಕಡೆ ದೊಡ್ಡ ತೊಡಕು. ಒಂದೇ ರೂಮಿನಲ್ಲಿ ಮೂವರು ನಾಲ್ವರು, ಮನೆಯಲ್ಲಿ ಅತ್ತೆ ಮಾವ ಮಕ್ಕಳು. ಧಾರವಾಡದವರು ಕೆಲಗೇರಿ ಕೆರೆ ದಂಡೆಗೋ ಸಾಧನಕೇರಿಗೋ, ಹುಬ್ಬಳ್ಳಿಯವರು ಉಣಕಲ್ ಕೆರೆಗೋ ಹೋಗಿ ಅಡ್ಡಾಡುತ್ತ ಮಾತಾಡುವುದು ಒಳ್ಳೆಯದು. ಇಯರ್‌ಫೋನ್ ಇರಲಿ.

ಕರೆಯಲ್ಲಿ ಸಾಮಾನ್ಯವಾಗಿ ಹೇಳಿಕೊಡುವುದು ಉಸಿರಾಟ, ಸ್ನಾಯು ಸಡಿಲಿಸುವುದು, ನಿದ್ದೆಯ ಶಿಸ್ತು. ಇವು ಸರಳ ಎಂದು ಕಾಣುವುದರಿಂದಲೇ ಜನ ತಪ್ಪು ಮಾಡುತ್ತಾರೆ, ಆಮೇಲೆ 'ಅದೇನೂ ಹತ್ತಲಿಲ್ರಿ' ಎನ್ನುತ್ತಾರೆ. ಹೆದರಿಕೆ ಹುಟ್ಟಿದ ಕೆಲವೇ ಸೆಕೆಂಡಿನಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಎದೆಬಡಿತ ಏರಿಸುತ್ತದೆ. ಅದರ ಹಿಂದೆ ಬರುವ ಇನ್ನೊಂದು ಹಾರ್ಮೋನು ಕಾರ್ಟಿಸಾಲ್ ತುದಿ ಮುಟ್ಟಲು ಸುಮಾರು 20ರಿಂದ 30 ನಿಮಿಷ ಬೇಕು, ಇಳಿಯಲು ಇನ್ನೂ ಹೆಚ್ಚು. ಹಾಗಾಗಿ ಎರಡು ನಿಮಿಷ ಉಸಿರು ಎಳೆದು ಬಿಟ್ಟು ಮೈ ತಣ್ಣಗಾಗಲಿಲ್ಲ ಎಂದರೆ ಅದು ನಿಮ್ಮ ಸೋಲಲ್ಲ.

ಉಸಿರಾಟದಲ್ಲಿ ಆಗುವ ದೊಡ್ಡ ತಪ್ಪು, ಜೋರಾಗಿ, ಬೇಗಬೇಗ, ಎದೆಯುಬ್ಬಿಸಿ ಎಳೆಯುವುದು. ಹಾಗೆ ಮಾಡಿದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ತುಟಿ, ಬೆರಳು ಜುಮುಗುಡುತ್ತವೆ, ತಲೆ ತಿರುಗುತ್ತದೆ, ಇನ್ನಷ್ಟು ಗಾಬರಿಯಾಗುತ್ತದೆ. ಸರಿಯಾದ ಕ್ರಮ ಹೀಗೆ: ಬೆನ್ನಿಗೆ ಆಧಾರ ಕೊಟ್ಟು ಕೂತು ಒಂದು ಕೈ ಎದೆ ಮೇಲೆ, ಇನ್ನೊಂದು ಹೊಟ್ಟೆ ಮೇಲೆ ಇಡಿ. ಮೂಗಿನಿಂದ 4 ಎಣಿಸುವವರೆಗೆ ಮೆಲ್ಲಗೆ ಒಳಗೆ, 6 ಎಣಿಸುವವರೆಗೆ ಹೊರಗೆ. ಹೊಟ್ಟೆ ಮೇಲಿನ ಕೈ ಮಾತ್ರ ಮೇಲೇಳಬೇಕು. ನಿಮಿಷಕ್ಕೆ 6 ಉಸಿರು, ಒಟ್ಟು 5 ನಿಮಿಷ. ಹೊಸಬರು ಉಸಿರು ಬಿಗಿಹಿಡಿಯುವುದು ಬೇಡ. ಗಾಬರಿ ಬಂದಾಗಷ್ಟೇ ಮಾಡಿದರೆ ಕೈ ಹತ್ತುವುದಿಲ್ಲ, ಆರಾಮ ಇದ್ದಾಗ ದಿನಕ್ಕೆ ಎರಡು ಸಲ ರೂಢಿ ಮಾಡಿಕೊಳ್ಳಬೇಕು.

ಸ್ನಾಯು ಸಡಿಲಿಸುವಾಗ ಪಾದದಿಂದ ಶುರುಮಾಡಿ ಮೀನಖಂಡ, ತೊಡೆ, ಮುಷ್ಟಿ, ಭುಜ, ದವಡೆಯವರೆಗೆ ಒಂದೊಂದೇ ಭಾಗ 5 ಸೆಕೆಂಡು ಬಿಗಿಹಿಡಿದು 10ರಿಂದ 15 ಸೆಕೆಂಡು ಪೂರಾ ಬಿಡಬೇಕು. ನೋವಾಗುವಷ್ಟು ಬಿಗಿಯಬಾರದು. ಕುತ್ತಿಗೆ ನೋವಿನ ತೊಂದರೆ ಇದ್ದವರು ಆ ಭಾಗ ಬಿಟ್ಟುಬಿಡಿ.

ನಿದ್ದೆಗೆ ಚಹಾದ ಲೆಕ್ಕ ಮುಖ್ಯ. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ತಾಸು ಬೇಕು, ಸಂಜೆ 6ರ ಕಟ್ ಚಾ ರಾತ್ರಿ 11ಕ್ಕೂ ಅರ್ಧ ಮೈಯೊಳಗೇ ಇರುತ್ತದೆ. ಮಧ್ಯಾಹ್ನ 3ರ ನಂತರ ಬಿಡಿ. ಹಾಸಿಗೆಯಲ್ಲಿ 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂತು, ಕಣ್ಣು ಎಳೆದಾಗ ಮರಳಿ. ಗುಟಕಾ, ಸಿಗರೇಟು ಹಾಕಿದರೆ ಹಗುರ ಎನಿಸುವುದು ನಿಕೋಟಿನ್ ಕಡಿಮೆಯಾದಾಗಿನ ಚಡಪಡಿಕೆ ಇಳಿಯುವುದರಿಂದ, ಟೆನ್ಶನ್ ಇಳಿದಿದ್ದರಿಂದಲ್ಲ.

ಸೇವೆಯ ಕೊರತೆಗಳನ್ನೂ ಹೇಳಬೇಕು. ಪಾಳಿಯ ಮೇಲೆ ನಡೆಯುವ ವ್ಯವಸ್ಥೆಯಾದ್ದರಿಂದ ಮುಂದಿನ ಸಲ ಅದೇ ವ್ಯಕ್ತಿ ಸಿಗುತ್ತಾರೆ ಎಂಬ ಖಾತ್ರಿಯಿಲ್ಲ, ಕಥೆ ಮೊದಲಿನಿಂದ ಹೇಳಬೇಕಾಗಬಹುದು. ಹಿಂದಿನ ಕರೆಯ ತಾರೀಖು, ಹೇಳಿದ ಸಲಹೆ ಬರೆದಿಟ್ಟುಕೊಂಡರೆ ಸಮಯ ಉಳಿಯುತ್ತದೆ. ಮರಳಿ ಕರೆ ಮಾಡುತ್ತೇವೆ ಎಂದಿದ್ದರೆ ಆ ಹೊತ್ತಿಗೆ ಬರುವ ಗುರುತಿಲ್ಲದ ನಂಬರನ್ನು ಕಟ್ ಮಾಡಬೇಡಿ. ಆಳವಾದ, ವಾರವಾರ ನಡೆಯುವ ಥೆರಪಿಗೆ ಸಹಾಯವಾಣಿ ಬದಲಿಯಲ್ಲ. ತುರ್ತು ದೈಹಿಕ ತೊಂದರೆಗಂತೂ ಅಲ್ಲವೇ ಅಲ್ಲ: ಎದೆ ಹಿಂಡಿದಂತಾಗಿ ನೋವು ದವಡೆಗೆ, ಎಡಗೈಗೆ ಹರಿಯುತ್ತಿದ್ದರೆ, ತಣ್ಣನೆ ಬೆವರು ಬಂದರೆ, ಟೆನ್ಶನ್ ಇರಬಹುದು ಎಂದು ಕಾಯದೆ 108ಕ್ಕೆ ಕರೆ ಮಾಡಿ. ಯಾರಾದರೂ ಈಗಲೇ ಜೀವಕ್ಕೆ ಅಪಾಯ ಮಾಡಿಕೊಳ್ಳುವಂತಿದ್ದರೆ 112, ಜೊತೆಗೆ ಕೀಟನಾಶಕ, ಗುಳಿಗೆ ಕೈಗೆ ಸಿಗದಂತೆ ತೆಗೆದಿಡುವುದು, ಒಬ್ಬರನ್ನೇ ಬಿಡದಿರುವುದು.

ನಿದ್ದೆ ಗುಳಿಗೆ ಬರೆಸಿಕೊಳ್ಳಲು ಈ ನಂಬರಿಗೆ ಕರೆ ಮಾಡಬೇಡಿ. ಮೆಡಿಕಲ್ ಅಂಗಡಿಯಲ್ಲಿ ಡಾಕ್ಟರ ಚೀಟಿಯಿಲ್ಲದೆ ಅಲ್ಪ್ರಾಜೊಲಾಮ್ ಎಂಬ ಗಾಬರಿಯ ಗುಳಿಗೆ ಕೇಳುವುದಂತೂ ಇನ್ನೂ ಅಪಾಯ. ಕೆಲವೇ ವಾರಗಳಲ್ಲಿ ಮೈ ಅದಕ್ಕೆ ಒಗ್ಗಿಹೋಗುತ್ತದೆ, ಫಕ್ಕನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಈಗಾಗಲೇ ನಡೆದಿದ್ದರೆ ನೀವೇ ಬಿಡಬೇಡಿ, ಡಾಕ್ಟರು ಹಂತಹಂತವಾಗಿ ಇಳಿಸುತ್ತಾರೆ.

ಎರಡು ವಾರ ಹೇಳಿದಂತೆ ಮಾಡಿಯೂ ನಿದ್ದೆ, ಊಟ, ಕೆಲಸ ಹಳಿಗೆ ಬರದಿದ್ದರೆ ಮುಖತಃ ತೋರಿಸಬೇಕು. ಧಾರವಾಡದಲ್ಲಿ ಬೆಳಗಾವಿ ರಸ್ತೆಯ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. 1845ರಲ್ಲಿ ಶುರುವಾದ ಆ ಆಸ್ಪತ್ರೆಯ ಹೆಸರು ಕೇಳಿದರೆ ಈಗಲೂ ಕೆಲವರು ಮುಖ ಕಿವುಚುತ್ತಾರೆ, ಆದರೆ ನಿದ್ದೆ ಬಾರದವರು, ಗಾಬರಿಯವರು ಹೊರರೋಗಿಯಾಗಿ ತೋರಿಸಿಕೊಂಡು ಅದೇ ದಿನ ಮನೆಗೆ ಹೋಗಬಹುದು. ಹುಬ್ಬಳ್ಳಿಯವರಿಗೆ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಯ ಮನೋವೈದ್ಯ ವಿಭಾಗ ಹತ್ತಿರ. ಗದಗ, ಹಾವೇರಿ ಕಡೆಯ ಹಳ್ಳಿಯವರು ಮನೋಚೈತನ್ಯ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಕ್ಲಿನಿಕ್ ವಿಚಾರಿಸಿ, ಹೊರಡುವ ಮೊದಲು ಆಸ್ಪತ್ರೆಯಲ್ಲಿ ಆ ವಾರದ್ದು ಖಚಿತ ಮಾಡಿಕೊಳ್ಳಿ.

ಹೋಗುವಾಗ ಹಳೆಯ ಚೀಟಿಗಳು, ಗುಳಿಗೆಯ ಖಾಲಿ ಪಟ್ಟಿ ಸಹಿತ, ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ವರದಿ, ಒಂದು ವಾರದ ನಿದ್ದೆಯ ಲೆಕ್ಕ ಒಯ್ಯಿರಿ. ಥೈರಾಯ್ಡ್ ಹೆಚ್ಚಾದರೂ ಎದೆ ಡವಡವ, ರಕ್ತ ಕಡಿಮೆಯಾದರೂ ಸುಸ್ತು, ಅದನ್ನು ಮೊದಲು ಬೇರ್ಪಡಿಸಬೇಕಾಗುತ್ತದೆ. ಆತಂಕಕ್ಕೆ ದಿನವೂ ತಗೊಳ್ಳುವ ಔಷಧ ಬರೆದರೆ ಗುಣ ಕಾಣಲು 2ರಿಂದ 4 ವಾರ ಬೇಕು, ಮೊದಲ ವಾರ ವಾಕರಿಕೆ, ಚಡಪಡಿಕೆ ಆಗಬಹುದು. ಬಹಳ ಮಂದಿ ಗುಳಿಗೆ ಬಿಡುವುದು ಇದೇ ವಾರದಲ್ಲಿ. ಹಾಗೆನಿಸಿದರೆ ಬರೆದುಕೊಟ್ಟ ಡಾಕ್ಟರನ್ನು ಕೇಳಿ, ಅವರು ಸಿಗದಿದ್ದರೆ ರಾತ್ರಿಯಾದರೂ 14416ಕ್ಕೆ ಕರೆ ಮಾಡಿ ಗುಳಿಗೆಯ ಹೆಸರು, ಎಷ್ಟು ಮಿಲಿಗ್ರಾಂ ಎಂಬುದನ್ನು ಓದಿ ಹೇಳಿ.