ಲೇಡೀಸ್ ಟೈಲರ್ ಅಂಗಡಿಗೆ ವಾಟ್ಸ್ಆ್ಯಪ್ ಬಿಸಿನೆಸ್: ಗಿರಾಕಿ ಬರ್ತಾರಾ?

ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪ್ ಬಂದದ್ದು 2018ರ ಜನವರಿಯಲ್ಲಿ. ಹಾಕಿಕೊಂಡಿರುವ ಅಂಗಡಿಯವರು ಬಹಳ ಮಂದಿ, ಆದರೆ ಅದನ್ನು ಬಳಸುವುದು ಹೆಚ್ಚಾಗಿ ಕೇಳಿದವರಿಗೆ ಉತ್ತರ ಕೊಡಲಿಕ್ಕಷ್ಟೇ. ತಾವಾಗಿ ಬರದ ಗಿರಾಕಿಯನ್ನು ಕರೆಸಿಕೊಳ್ಳಲು ಇದು ಎಷ್ಟು ಕೆಲಸಕ್ಕೆ ಬರುತ್ತದೆ ಅನ್ನುವುದನ್ನು ಬ್ಲೌಸ್ ಹೊಲಿಯುವ ಅಂಗಡಿಯ ಲೆಕ್ಕದಲ್ಲಿ ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ. ಹಳೆಯ ಗಿರಾಕಿಯನ್ನು ಮತ್ತೆ ಬರಮಾಡಿಕೊಳ್ಳಲು ಪುಕ್ಕಟೆಯಾಗಿ ಸಿಗುವ ಬಹಳ ಒಳ್ಳೆಯ ಸಾಧನ ಇದು. ಹೊಸಬರನ್ನು ಹುಡುಕಿ ತರುವುದು ಮಾತ್ರ ಇದರಿಂದ ಆಗದ ಕೆಲಸ.

ಮೊದಲು ನಂಬರಿನ ವಿಷಯ. ಒಂದೇ ನಂಬರಿನಲ್ಲಿ ಮಾಮೂಲಿ ವಾಟ್ಸ್ಆ್ಯಪ್ ಮತ್ತು ಬಿಸಿನೆಸ್ ಎರಡೂ ನಡೆಯುವುದಿಲ್ಲ. ಮನೆಯವರ ಗ್ರೂಪುಗಳಿರುವ ನಂಬರನ್ನೇ ಅಂಗಡಿಗೆ ಕೊಟ್ಟರೆ ಗಿರಾಕಿಯ ಮೆಸೇಜು ಗುಡ್ ಮಾರ್ನಿಂಗ್ ಚಿತ್ರಗಳಡಿ ಮುಚ್ಚಿಹೋಗುತ್ತದೆ. ಬೇರೆ ಸಿಮ್ ತೆಗೆದುಕೊಳ್ಳಿ. ಅಂಗಡಿಯಲ್ಲಿ ಲ್ಯಾಂಡ್‌ಲೈನ್ ಇದ್ದರೆ ಅದೂ ಆಗುತ್ತದೆ, ಖಾತೆ ತೆರೆಯುವಾಗ ನಂಬರ್ ಖಚಿತಪಡಿಸಲು ಕೊಡುವ ಕೋಡನ್ನು ಫೋನ್ ಕರೆಯಲ್ಲಿ ಕೇಳಿಸಿಕೊಂಡರೆ ಸಾಕು.

ಈ ಆ್ಯಪಿನ ನಿಜವಾದ ಶಕ್ತಿ ಇರುವುದು ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ. ಒಂದು ಲಿಸ್ಟಿಗೆ 256 ಜನರನ್ನು ಸೇರಿಸಬಹುದು. ಮೆಸೇಜು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೋಗುತ್ತದೆ, ಯಾರ ನಂಬರೂ ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ‘ಮೆಸೇಜ್ ಹಾಕಿದೆ, ಒಬ್ಬರೂ ಬರಲಿಲ್ಲ’ ಅನ್ನುವವರ ತೊಂದರೆ ಬಹುಪಾಲು ಇಲ್ಲೇ ಇರುತ್ತದೆ. ಕಳಿಸಿದ ಮೆಸೇಜನ್ನು ಒತ್ತಿ ಹಿಡಿದು ಇನ್ಫೋ ನೋಡಿದರೆ ಎಷ್ಟು ಜನಕ್ಕೆ ಮುಟ್ಟಿದೆ ಅಂತ ತಿಳಿಯುತ್ತದೆ. ಸ್ಟೇಟಸ್ಸಿಗೆ ಕಟ್ಟು ಇನ್ನೂ ಬಿಗಿ: ಅವರ ನಂಬರು ನಿಮ್ಮಲ್ಲಿ, ನಿಮ್ಮದು ಅವರಲ್ಲಿ, ಎರಡೂ ಕಡೆ ಸೇವ್ ಆಗಿರಬೇಕು.

ಹಾಗಾಗಿ ಗಿರಾಕಿ ಕರೆಯುವ ಕೆಲಸ ಶುರುವಾಗುವುದೇ ಅಳತೆ ತೆಗೆದುಕೊಳ್ಳುವ ಟೇಬಲ್ಲಿನಲ್ಲಿ. ಆ್ಯಪ್ ಕೊಡುವ ಕ್ಯೂಆರ್ ಕೋಡನ್ನು ಪ್ರಿಂಟ್ ಹಾಕಿಸಿ ಅಲ್ಲಿ ಅಂಟಿಸಿ, ಯುಪಿಐ ಕೋಡಿನ ಪಕ್ಕದಲ್ಲಂತೂ ಬೇಡ, ಗಲಿಬಿಲಿಯಾಗುತ್ತದೆ. ‘ಮೇಡಂ, ಬ್ಲೌಸ್ ರೆಡಿಯಾದ ತಕ್ಷಣ ಇದರಲ್ಲೇ ಫೋಟೋ ಹಾಕ್ತೀವಿ, ನಂಬರ್ ಸೇವ್ ಮಾಡ್ಕೊಳ್ಳಿ’ ಅಂದರೆ ಬೇಡ ಅನ್ನುವವರು ಕಡಿಮೆ. ಬರೀ ‘ಆಫರ್ ಕಳಿಸ್ತೀವಿ’ ಅಂದರೆ ಯಾರೂ ಸೇವ್ ಮಾಡುವುದಿಲ್ಲ.

ಇನ್ನು ಲೇಬಲ್, ಅಂದರೆ ಗಿರಾಕಿಗಳನ್ನು ಗುಂಪು ಮಾಡಲು ಚಾಟಿಗೆ ಹಚ್ಚುವ ಗುರುತು. ಒಟ್ಟು 20 ಮಾಡಿಕೊಳ್ಳಲು ಅವಕಾಶವಿದೆ, ಟೈಲರ್ ಅಂಗಡಿಗೆ ನಾಲ್ಕೈದು ಧಾರಾಳ: ‘ಅಳತೆ ಬ್ಲೌಸ್ ನಮ್ಮಲ್ಲಿದೆ’, ‘ರೆಡಿ, ಒಯ್ದಿಲ್ಲ’, ‘ಬಾಕಿ’, ‘ಕುಚ್ಚು ಹಾಕಿಸುವವರು’, ‘ಮದುವೆ ಆರ್ಡರ್’. ಆಂಡ್ರಾಯ್ಡ್ ಫೋನಿನಲ್ಲಿ ಲೇಬಲ್ ತೆರೆದು ಅಲ್ಲಿಂದಲೇ ಆ ಗುಂಪಿಗೆಲ್ಲ ಮೆಸೇಜು ಹಾಕಬಹುದು. ಸೀರೆಗೆ ಕುಚ್ಚು ಹಾಕಿಸುವವರಿಗೆ ಹೊಸ ಡಿಸೈನಿನ ಫೋಟೋ, ಚೂಡಿದಾರ್ ಹೊಲಿಸುವವರಿಗೆ ಬೇರೆ ಫೋಟೋ. ಎಲ್ಲರಿಗೂ ಎಲ್ಲವನ್ನೂ ತುಂಬಿಸಿದರೆ ಜನ ಬ್ಲಾಕ್ ಮಾಡುತ್ತಾರೆ. ರಿಪೋರ್ಟುಗಳು ಹೆಚ್ಚಾದರೆ ಖಾತೆಯೇ ಬ್ಯಾನ್ ಆಗಬಹುದು. ತಿಂಗಳಿಗೆ ಎರಡು ಸಾಕು.

ಯಾವಾಗ ಹಾಕಬೇಕು ಅನ್ನುವುದರಲ್ಲಿ ಬಹಳ ಅಂಗಡಿಗಳು ಎಡವುತ್ತವೆ. ವರಮಹಾಲಕ್ಷ್ಮಿ ಹಬ್ಬದ ವಾರ ‘ಬ್ಲೌಸ್ ಹೊಲಿದು ಕೊಡುತ್ತೇವೆ’ ಅಂತ ಹಾಕಿ ಏನು ಪ್ರಯೋಜನ? ಅಷ್ಟೊತ್ತಿಗೆ ಅಂಗಡಿಯಲ್ಲಿ ಬಟ್ಟೆ ಇಡಲು ಜಾಗವಿರುವುದಿಲ್ಲ. ಆಷಾಢದಲ್ಲಿ ಮದುವೆಗಳಿಲ್ಲ, ಮಿಷನ್ನುಗಳು ಸುಮ್ಮನೆ ಕೂತಿರುತ್ತವೆ, ಅದೇ ಸಮಯದಲ್ಲಿ ಸೀರೆ ಅಂಗಡಿಗಳು ಆಷಾಢ ಸೇಲ್ ಹಾಕಿರುತ್ತವೆ. ಮೆಸೇಜು ಹೋಗಬೇಕಾದ್ದು ಆಗ. ಭೀಮನ ಅಮಾವಾಸ್ಯೆಯಾದ ಮೇಲೆ ಸಾಮಾನ್ಯವಾಗಿ ಸುಮಾರು ಎರಡು ವಾರಕ್ಕೆ ವರಮಹಾಲಕ್ಷ್ಮಿ ಬರುವುದರಿಂದ ಗಡುವನ್ನೂ ಅದಕ್ಕೇ ಕಟ್ಟಬಹುದು: ‘ಭೀಮನ ಅಮಾವಾಸ್ಯೆಯೊಳಗೆ ಬಟ್ಟೆ ಕೊಟ್ಟವರಿಗೆ ಹಬ್ಬಕ್ಕೆ ಎರಡು ದಿನ ಮುಂಚೆ ಬ್ಲೌಸ್ ಕೈಗೆ. ಫಾಲ್ಸ್, ಜಿಗ್‌ಜ್ಯಾಗ್ ಅದರ ಜೊತೆಗೇ. ಹಳೇ ಅಳತೆಯೇ ಇರಲಿ ಅಂದರೆ 1 ಅಂತ ಕಳಿಸಿ.’ ಆ ಕೊನೆಯ ಸಾಲನ್ನು ಬಿಡಬೇಡಿ. ಒಂದು ಅಂಕಿ ಒತ್ತುವುದು ಎಲ್ಲರಿಗೂ ಸುಲಭ, ಉತ್ತರ ಬಂದರೆ ಮಾತು ಮುಂದುವರಿಸಬಹುದು.

ಮೊದಲ ಸಲ ಮೆಸೇಜು ಮಾಡಿದವರಿಗೆ, ಅಥವಾ 14 ದಿನ ಮಾತಿಲ್ಲದೆ ಮತ್ತೆ ಬಂದವರಿಗೆ ಗ್ರೀಟಿಂಗ್ ಮೆಸೇಜು ತಾನಾಗಿ ಹೋಗುತ್ತದೆ. ಆ್ಯಪಿನಲ್ಲೇ ಇರುವ ಒಣ ವಂದನೆಯನ್ನು ಅಳಿಸಿ, ಅಂಗಡಿ ತೆರೆಯುವ ಹೊತ್ತು, ವಾರದ ರಜೆ, ಲೈನಿಂಗ್ ಬ್ಲೌಸಿನ ಹೊಲಿಗೆ ಕೂಲಿ ಬರೆಯಿರಿ. ಜನ ಕೇಳುವುದೇ ಅವನ್ನು. ಅಂಗಡಿ ಮುಚ್ಚಿದ ಮೇಲೆ ತಾನಾಗಿ ಹೋಗುವ ‘ಅವೇ’ (Away) ಮೆಸೇಜಿಗೆ ಫೋನಿನಲ್ಲಿ ನೆಟ್ ಆನ್ ಇರಬೇಕು, ರಾತ್ರಿ ಡೇಟಾ ಆಫ್ ಮಾಡಿ ಮಲಗಿದರೆ ಅದು ಹೋಗುವುದಿಲ್ಲ. ದಾರಿ ಹೇಳುವುದು, ಅಕೌಂಟ್ ವಿವರದಂಥ ದಿನಾ ಟೈಪ್ ಮಾಡುವ ಮಾತುಗಳಿಗೆ ಕ್ವಿಕ್ ರಿಪ್ಲೈ ಇದೆ: 50ರವರೆಗೆ ಉಳಿಸಿಟ್ಟುಕೊಂಡು ‘/’ ಒತ್ತಿ ಕರೆಯಬಹುದು.

ಕ್ಯಾಟಲಾಗಿನಲ್ಲಿ 500 ಐಟಂ ಹಾಕಬಹುದಂತೆ ಅಂತ ಹಿಗ್ಗಬೇಡಿ. ಇಂಟರ್‌ನೆಟ್ಟಿನಿಂದ ಎತ್ತಿದ ಡಿಸೈನ್ ಹಾಕಿದರೆ ಗಿರಾಕಿ ಅದೇ ಫಿನಿಶಿಂಗ್ ಕೇಳುತ್ತಾಳೆ, ಜಗಳಕ್ಕೆ ದಾರಿ. ನಿಮ್ಮಲ್ಲೇ ಹೊಲಿದ ಹದಿನೈದಿಪ್ಪತ್ತು ಬ್ಲೌಸುಗಳ ಬೆನ್ನು, ತೋಳಿನ ಫೋಟೋ ಹಗಲು ಬೆಳಕಿನಲ್ಲಿ ತೆಗೆದು, ರೇಟು ಸಮೇತ ಹಾಕಿದರೆ ಆಯಿತು.

ಹೊಸ ಬಡಾವಣೆಯಲ್ಲಿ ಅಂಗಡಿ ಇಟ್ಟವರು ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿಕೊಳ್ಳಲಿ. ಅದೂ ಪುಕ್ಕಟೆ, ‘ಹತ್ತಿರದ ಟೈಲರ್’ ಅಂತ ಹುಡುಕುವವರ ಕಣ್ಣಿಗೆ ಬೀಳುವುದು ಅಲ್ಲೇ. ರಿವ್ಯೂ ಬರೆದವರಿಗೆ ಡಿಸ್ಕೌಂಟ್ ಕೊಡುವುದು ಗೂಗಲ್ ನಿಯಮಕ್ಕೆ ವಿರುದ್ಧ. ಬ್ಲೌಸ್ ಸರಿಯಾಗಿ ಕೂತಿದೆ ಅಂದವರಿಗೆ ಲಿಂಕನ್ನು ವಾಟ್ಸ್ಆ್ಯಪಿನಲ್ಲೇ ಕಳಿಸಿ ಕೇಳಿದರೆ ಸಾಕು, ಬರೆಯುವವರು ಬರೆಯುತ್ತಾರೆ.