ಲ್ಯಾಪ್‌ಟಾಪಿಗೆ ವಿಆರ್ ಹೆಡ್‌ಸೆಟ್: ಡಿಸ್‌ಪ್ಲೇಪೋರ್ಟಿನದೋ, ಯುಎಸ್‌ಬಿಯದೋ?

ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತ, ಕೈಯಲ್ಲಿರುವ ಗೇಮಿಂಗ್ ಲ್ಯಾಪ್‌ಟಾಪಿಗೇ ವಿಆರ್ ಹೆಡ್‌ಸೆಟ್ ಜೋಡಿಸಬೇಕೆನ್ನುವವರು ಬೆಲೆಗಿಂತ ಮೊದಲು ಲ್ಯಾಪ್‌ಟಾಪಿನ ಪೋರ್ಟುಗಳನ್ನು ನೋಡಬೇಕು. ವಾಲ್ವ್ ಇಂಡೆಕ್ಸ್‌ನಂತಹ ಹೆಡ್‌ಸೆಟ್‌ಗಳು ಮಾನಿಟರ್ ಜೋಡಿಸುವ ಡಿಸ್‌ಪ್ಲೇಪೋರ್ಟಿನಿಂದ ಚಿತ್ರವನ್ನು ಸಂಕುಚಿಸದೆ ನೇರವಾಗಿ ಪಡೆಯುತ್ತವೆ. ಆದರೆ ಹಲವು ಲ್ಯಾಪ್‌ಟಾಪುಗಳಲ್ಲಿ ಆ ಪೋರ್ಟೇ ಇರುವುದಿಲ್ಲ. ಯುಎಸ್‌ಬಿ-ಸಿ ಅಡಾಪ್ಟರ್ ಹಾಕಿದರೂ, ಆ ಯುಎಸ್‌ಬಿ-ಸಿ ಪೋರ್ಟ್ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪಿಗಲ್ಲದೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ಗೆ ಸೇರಿದ್ದರೆ, ಡ್ರೈವರನ್ನು (ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ತಂತ್ರಾಂಶ) ಎಷ್ಟು ಸಲ ಹೊಸದಾಗಿ ಹಾಕಿದರೂ ಪ್ರಯೋಜನವಾಗದೇ ಹೋಗಬಹುದು. ಆ ಪೋರ್ಟಿಗೆ ಮಾನಿಟರ್ ಸಿಕ್ಕಿಸಿ, ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ಲಿನ ಫಿಸ್‌ಎಕ್ಸ್ ಪುಟ ತೆರೆದರೆ ಅದು ಯಾವ ಚಿಪ್ಪಿಗೆ ಸೇರಿದೆಯೆಂಬುದು ಚಿತ್ರಸಮೇತ ಕಾಣುತ್ತದೆ. ಕೊಳ್ಳುವ ಮುನ್ನವೇ ಇದನ್ನು ನೋಡಿಕೊಳ್ಳುವುದು ಲೇಸು.

ಮೆಟಾ ಕಂಪನಿಯ ಕ್ವೆಸ್ಟ್ 3 ಹೆಡ್‌ಸೆಟ್ ಯುಎಸ್‌ಬಿ ಇಲ್ಲವೇ ವೈಫೈ ಮೂಲಕ ನಡೆಯುವುದರಿಂದ ಈ ತೊಡಕಿಲ್ಲ. ಬದಲಿಗೆ ಗ್ರಾಫಿಕ್ಸ್ ಚಿಪ್ ಪ್ರತಿ ಫ್ರೇಮನ್ನೂ ಸಂಕುಚಿಸಿ ಕಳುಹಿಸಬೇಕಾಗುತ್ತದೆ. ಹೊಸ ಡ್ರೈವರ್ ಹಾಕಿದ ಮೇಲೆ ಚಿತ್ರ ತಡವರಿಸತೊಡಗಿದರೆ, ಸೇಫ್ ಮೋಡಿನಲ್ಲಿ ಡಿಡಿಯು (ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್) ಎಂಬ ತಂತ್ರಾಂಶ ಬಳಸಿ ಅದನ್ನು ಪೂರ್ತಿ ತೆಗೆದು, ಹಿಂದಿನ ಆವೃತ್ತಿಯನ್ನು ಹಾಕಿ ನೋಡಬೇಕು. ವೈಫೈ ಸ್ವತಂತ್ರವೆನಿಸಿದರೂ ಕರೆಂಟ್ ಹೋದೊಡನೆ ರೂಟರ್ ಆರುತ್ತದೆ, ಲ್ಯಾಪ್‌ಟಾಪ್ ಬ್ಯಾಟರಿಗಿಳಿದು ಚಿಪ್ಪಿನ ವೇಗವೂ ಕುಸಿಯುತ್ತದೆ. ನಮ್ಮ ಮೇ ತಿಂಗಳ ಸೆಕೆಯಲ್ಲಂತೂ ಅದು ಚಾರ್ಜರಿನಲ್ಲಿದ್ದರೂ ಕಾದು ನಿಧಾನವಾಗುವುದುಂಟು. ಪೋರ್ಟಿನ ಬಗ್ಗೆ ಖಾತ್ರಿಯಿಲ್ಲದವರು ಕ್ವೆಸ್ಟನ್ನೇ, ಅದೂ ಯುಎಸ್‌ಬಿ 3 ಕೇಬಲ್ಲಿನೊಂದಿಗೆ ಕೊಳ್ಳಲಿ.