ಕ್ರಿಸ್‌ಮಸ್ ಮಾಲಿಗೆ ಡಿಸ್ಕೌಂಟ್: ಮೂರು ವರ್ಷ, ಮೂರು ದಾರಿ

ನವೆಂಬರ್ ಬಂತೆಂದರೆ ಸಣ್ಣ ಅಂಗಡಿಯವರೆಲ್ಲ ಒಂದೇ ಮಾತು ಕೇಳಿಕೊಳ್ಳುತ್ತಾರೆ. ಕ್ರಿಸ್‌ಮಸ್‌ಗೆ ಮೊದಲೇ ಡಿಸ್ಕೌಂಟ್ ಬೋರ್ಡ್ ಹಾಕಬೇಕೋ, ಅಥವಾ ಹಬ್ಬ ಮುಗಿಯುವವರೆಗೆ ಬೆಲೆ ಬಿಟ್ಟುಕೊಡದೆ ಕೂರಬೇಕೋ? ನಾನು ಮೂರು ವರ್ಷ ಮೂರು ರೀತಿ ಮಾಡಿ ನೋಡಿದೆ. ನನ್ನದು ಅಲಂಕಾರದ ಸಾಮಾನು, ಗ್ರೀಟಿಂಗ್ ಕಾರ್ಡ್, ಗಿಫ್ಟ್ ಮಾರುವ ಪುಟ್ಟ ಅಂಗಡಿ.

2022ರಲ್ಲಿ ಮೊದಲ ದಾರಿ. ನವೆಂಬರ್ ಕೊನೆಯಲ್ಲಿ ದೊಡ್ಡ ಡಿಸ್ಕೌಂಟ್ ಕೊಡುವ ಶುಕ್ರವಾರ ಇದೆಯಲ್ಲ, ಆ ಬ್ಲ್ಯಾಕ್ ಫ್ರೈಡೇ ದಿನ, ಅಂದರೆ ನವೆಂಬರ್ 25ಕ್ಕೆ, ಸೀಸನ್ ಮಾಲಿಗೆಲ್ಲ 20% ಕಡಿತ. ದೊಡ್ಡ ಅಂಗಡಿಗಳು ಮಾಡುತ್ತವೆ, ನಾನೂ ಮಾಡದಿದ್ದರೆ ಗಿರಾಕಿ ಅತ್ತ ಹೋಗುತ್ತಾರೆ ಅನ್ನುವ ಭಯ, ಅಷ್ಟೇ. ಅಂಗಡಿ ತುಂಬಿತು. ಮಾರಿದ ಸಾಮಾನು ಹಿಂದಿನ ವರ್ಷದ ಒಂದೂವರೆ ಪಟ್ಟು. ನನಗೋ ಹಿಗ್ಗು. ಜನವರಿಯಲ್ಲಿ ಲೆಕ್ಕಕ್ಕೆ ಕೂತಾಗ ಹಿಗ್ಗು ಇಳಿಯಿತು.

ಲೆಕ್ಕ ಸುಲಭ, ಆದರೆ ಬೋರ್ಡ್ ಬರೆಯುವ ಮುಂಚೆ ನಾನು ಮಾಡಿರಲಿಲ್ಲ. 60ಕ್ಕೆ ತಂದು 100ಕ್ಕೆ ಮಾರಿದರೆ ಸಿಗುವುದು 40. ಅದನ್ನೇ 80ಕ್ಕೆ ಕೊಟ್ಟರೆ ಸಿಗುವುದು 20. ಅಂದರೆ ಮೊದಲಿನಷ್ಟೇ ಲಾಭ ಬೇಕಾದರೆ ಎರಡು ಪಟ್ಟು ಮಾರಬೇಕು. ನಾನು ಮಾರಿದ್ದು ಒಂದೂವರೆ ಪಟ್ಟು. ದುಡಿತ ಜಾಸ್ತಿ, ಲಾಭ ಕಾಲು ಭಾಗ ಕಡಿಮೆ! ಇದೇ ಲೆಕ್ಕದಲ್ಲಿ 30% ಬಿಟ್ಟರೆ ನಾಲ್ಕು ಪಟ್ಟು ಮಾರಬೇಕಾಗುತ್ತದೆ. ನನ್ನಂಥ ಅಂಗಡಿಯಲ್ಲಿ ನಾಲ್ಕು ಪಟ್ಟು ಮಾಲು ಇಡಲು ಜಾಗವೇ ಇಲ್ಲ.

ಅದಕ್ಕಿಂತ ಹೊಟ್ಟೆ ಉರಿಸಿದ್ದು ಬೇರೆ. ಡಿಸ್ಕೌಂಟ್‌ನಲ್ಲಿ ಮೊದಲು ಖಾಲಿಯಾದದ್ದು ಯಾವುದು ಗೊತ್ತಾ? ಲೈಟಿನ ಸರ, ನಕ್ಷತ್ರ. ಪೂರ್ತಿ ಬೆಲೆಗೂ ಕೈಯಿಂದ ಕಿತ್ತುಕೊಂಡು ಹೋಗುವಂಥ ಸಾಮಾನು. ಡಿಸೆಂಬರ್ ಎರಡನೇ ವಾರ ಹೋಲ್‌ಸೇಲಿನವರಿಗೆ ಫೋನ್ ಮಾಡಿದರೆ ಸ್ಟಾಕ್ ಇಲ್ಲ. ಆಮೇಲೆ ಬಂದವರು ಬೆಲೆ ಕೂಡ ಕೇಳದೆ "ಲೈಟ್ ಇದೆಯಾ?" ಅನ್ನುತ್ತಿದ್ದರು. ನಾನು ಇಲ್ಲ ಅನ್ನುತ್ತಿದ್ದೆ. ಹೋಗಬೇಕಾಗಿದ್ದ, ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಮಂಕು ನೇರಳೆ ಬಣ್ಣದ ಗುಂಡುಗಳು ಮಾತ್ರ 20% ಚೀಟಿ ಅಂಟಿಸಿಕೊಂಡು ಅಲ್ಲೇ ಕೂತಿದ್ದವು.

ಇನ್ನೊಂದು ಮರೆಯಲಾಗದ್ದು. ತಪ್ಪದೆ ಬರುವ ಒಬ್ಬ ಗಿರಾಕಿ ಹಿಂದಿನ ವಾರವಷ್ಟೇ ಕೊಂಡಿದ್ದರು. ಬೋರ್ಡ್ ನೋಡಿ, "ಏನ್ರೀ, ಪೂರ್ತಿ ದುಡ್ಡು ಕೊಟ್ಟೆನಲ್ಲ, ನಾನೇನು ಪಾಪ ಮಾಡಿದ್ದೆ?" ಅಂದರು. ನಗುತ್ತಲೇ ಅಂದದ್ದು. ಆದರೆ ಮುಂದಿನ ವರ್ಷ ಅವರು ಬಂದದ್ದು ಬ್ಲ್ಯಾಕ್ ಫ್ರೈಡೇ ಬೆಳಿಗ್ಗೆಯೇ.

ಅವತ್ತು ಅವರಿಗೆ ಬೋರ್ಡ್ ಕಾಣಲಿಲ್ಲ. ಯಾಕೆಂದರೆ 2023ರಲ್ಲಿ ನಾನು ಇನ್ನೊಂದು ತುದಿಗೆ ಹೋಗಿದ್ದೆ. 24ರ ರಾತ್ರಿಯವರೆಗೆ ಒಂದು ಕಾಸೂ ಬಿಡುವುದಿಲ್ಲ, 26ರಿಂದ ಎಲ್ಲ ಅರ್ಧ ಬೆಲೆ. ಡಿಸೆಂಬರ್ 10ರ ಸುಮಾರಿಗೆ ಕೈಕಾಲು ನಡುಗಿತು ಅಂತ ಒಪ್ಪಿಕೊಳ್ಳುತ್ತೇನೆ. ಕೆಲವರು ಬೆಲೆ ಕೇಳಿ ಸುಮ್ನೆ ಹೊರಟುಹೋದರು. ಆದರೆ ಆ ವರ್ಷ ಕ್ರಿಸ್‌ಮಸ್ ಸೋಮವಾರ ಬಿದ್ದಿತ್ತು. ಹಬ್ಬಕ್ಕೆ ಅಂಟಿಕೊಂಡೇ ಶನಿವಾರ, ಭಾನುವಾರ. ಆ ಎರಡು ದಿನ ಊಟಕ್ಕೂ ಪುರುಸೊತ್ತು ಸಿಗಲಿಲ್ಲ. ಕೊನೇ ಗಳಿಗೆಯಲ್ಲಿ ಬರುವವರು ಚೌಕಾಸಿ ಮಾಡುವುದಿಲ್ಲ. ಅವರಿಗೆ ಬೇಕಾದ್ದು ಸಾಮಾನು, ಡಿಸ್ಕೌಂಟ್ ಅಲ್ಲ.

ಲಾಭ 2022ಕ್ಕಿಂತ ಚೆನ್ನಾಗಿತ್ತು. ಪೆಟ್ಟು ಬಿದ್ದದ್ದು 26ರ ನಂತರ. ಅರ್ಧ ಬೆಲೆ ಅಂದರೆ 60ರ ಮಾಲು 50ಕ್ಕೆ, ಅಸಲೂ ಇಲ್ಲ. ಹಾಗಿದ್ದರೂ ಲೈಟು, ಗುಂಡುಗಳು ಹೋದವು. ಮುಂದಿನ ವರ್ಷಕ್ಕೆ ಅಂತ ಎತ್ತಿಡುವ ಜಾಣರು ಎಲ್ಲ ಕಡೆ ಇದ್ದಾರೆ. ಆದರೆ ಅಡ್ವೆಂಟ್ ಕ್ಯಾಲೆಂಡರ್? ಡಿಸೆಂಬರ್ 1ರಿಂದ 24ರವರೆಗೆ ದಿನಕ್ಕೊಂದು ಪುಟ್ಟ ಕಿಟಕಿ ತೆರೆಯುವ ವಸ್ತು ಅದು. 26ಕ್ಕೆ ಬಿಟ್ಟಿ ಕೊಟ್ಟರೂ ಬೇಡ. ಡಿಸೆಂಬರ್ 5ಕ್ಕೇ ಒಬ್ಬ ಹುಡುಗ, "ನಾಲ್ಕು ಕಿಟಕಿ ದಂಡ ಆಯ್ತಲ್ಲ, ಆ ನಾಲ್ಕರ ದುಡ್ಡು ಕಮ್ಮಿ ಮಾಡ್ತೀರಾ?" ಅಂತ ಕೇಳಿದ್ದ. ತಮಾಷೆ ಅಂದುಕೊಂಡು ಕಳಿಸಿದ್ದೆ. ಅವನು ಹೇಳಿದ್ದೇ ಸರಿ.

ಉಳಿದದ್ದನ್ನು ಏಳು ರಟ್ಟಿನ ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಏರಿಸಿದೆ. ಮುಂದಿನ ಅಕ್ಟೋಬರ್‌ನಲ್ಲಿ ಇಳಿಸಿ ನೋಡಿದರೆ ಗಿಫ್ಟ್ ಡಬ್ಬಿಗಳ ಮೂಲೆ ನಜ್ಜುಗುಜ್ಜು. ಗಾಜಿನ ಗುಂಡುಗಳಲ್ಲಿ ಪ್ರತಿ ಡಬ್ಬಿಗೆ ಒಂದಾದರೂ ಒಡೆದಿತ್ತು. ಹನ್ನೆರಡರ ಡಬ್ಬಿಯಲ್ಲಿ ಹನ್ನೊಂದು ಇದ್ದರೆ ಯಾರು ತಗೊಳ್ತಾರೆ? ಕೈಗೆ ಅಂಟಿದ ಮಿಂಚಿನ ಪುಡಿ ಎರಡು ದಿನ ಹೋಗಲಿಲ್ಲ. ಬೇರೆ ಮಾಲಿಗೆ ಹಾಕಬಹುದಾಗಿದ್ದ ದುಡ್ಡು ಹತ್ತು ತಿಂಗಳು ಅಟ್ಟದಲ್ಲಿ ಮಲಗಿತ್ತು.

ಆ ಪೆಟ್ಟಿಗೆಗಳನ್ನು ಬಿಚ್ಚುತ್ತಾ ಕೂತಾಗಲೇ ಹೊಳೆದದ್ದು. ನಾನು ಎರಡು ವರ್ಷವೂ ಇಡೀ ಅಂಗಡಿಗೆ ಒಂದೇ ಉತ್ತರ ಹುಡುಕುತ್ತಿದ್ದೆ. ಕೇಳಬೇಕಾಗಿದ್ದದ್ದು ಒಂದೊಂದು ಡಬ್ಬಿಯ ಬಗ್ಗೆ: ಇದರ ಆಯಸ್ಸು ಯಾವತ್ತು ಮುಗಿಯುತ್ತದೆ?

2024ರಲ್ಲಿ ಮಾಲನ್ನು ಮೂರು ಗುಂಪು ಮಾಡಿದೆ: ಹಬ್ಬಕ್ಕೆ ಮೊದಲೇ ಆಯಸ್ಸು ಮುಗಿಯುವುದು, 25ಕ್ಕೆ ಮುಗಿಯುವುದು, ಆಮೇಲೂ ಹೋಗುವುದು. ಅಡ್ವೆಂಟ್ ಕ್ಯಾಲೆಂಡರ್‌ಗೆ ನವೆಂಬರ್ ಕೊನೇ ವಾರವೇ ಸ್ವಲ್ಪ ಬಿಟ್ಟೆ, ಡಿಸೆಂಬರ್ 1ಕ್ಕೆ ಇನ್ನಷ್ಟು. ಸಾಂತಾ ಚಿತ್ರದ ಕಾಗದ, ಕಾಫಿ ಕಪ್, ಗಿಫ್ಟ್ ಸೆಟ್‌ಗೆ 12ರಂದು 15%, 20ರಂದು 30%. ಗ್ರೀಟಿಂಗ್ ಕಾರ್ಡ್ ನೋಡಲು 25ರವರೆಗೆ ಬದುಕುವ ಮಾಲಿನ ಹಾಗಿದೆ, ಆದರೆ ಅಲ್ಲ. ಅಂಚೆಯಲ್ಲಿ ತಲುಪಬೇಕಲ್ಲ, ಅಲ್ವಾ? ಡಿಸೆಂಬರ್ ನಡುವಿಗೇ ಅದರ ಕಥೆ ಮುಗಿಯುತ್ತದೆ. ಅದಕ್ಕೆ ಕಾರ್ಡಿಗೆ ಕಡಿತ ಮಾಡಲಿಲ್ಲ. ತಿಂಗಳ ಮೊದಲ ವಾರವೇ ಎರಡು ಪ್ಯಾಕೆಟ್‌ಗೆ ಒಂದು ರಿಬ್ಬನ್ ಸುರುಳಿ ಉಚಿತ ಅಂತ ಇಟ್ಟೆ. ಗಿರಾಕಿಗೆ ಸುರುಳಿ 10ರದ್ದು, ನನಗೆ 6ರದ್ದು. ಕಾರ್ಡಿನ ಬೆಲೆಚೀಟಿ ಮುಟ್ಟಬೇಕಾಗಲಿಲ್ಲ. ಲೈಟು, ಬಿಳಿ ಮೇಣದಬತ್ತಿ, ಕೆಂಪು ರಿಬ್ಬನ್, ಒಂದೇ ಬಣ್ಣದ ಕಾಗದ, ಇವಕ್ಕೆ ಬಿಡಿಗಾಸೂ ಇಲ್ಲ. ಫೆಬ್ರವರಿಯ ಹುಟ್ಟುಹಬ್ಬಕ್ಕೂ ಹೋಗುವ ಸಾಮಾನು ಅವು.

ಇದರಲ್ಲೂ ಎಡವಿದೆ. 2024ರಲ್ಲಿ ಕ್ರಿಸ್‌ಮಸ್ ಬುಧವಾರ. ಕೊನೇ ವಾರಾಂತ್ಯ 21, 22. ನಾನು 30% ಚೀಟಿ ಅಂಟಿಸಿದ್ದು 20ರ ಸಂಜೆ. ಅಂದರೆ ಎಲ್ಲಕ್ಕಿಂತ ಜಾಸ್ತಿ ಜನ ಬರುವ ಎರಡು ದಿನಕ್ಕೆ ಸರಿಯಾಗಿ ಬೆಲೆ ಇಳಿಸಿಕೊಟ್ಟೆ. 23ರ ಬೆಳಿಗ್ಗೆ ಅಂಟಿಸಿದ್ದರೆ ಸಾಕಿತ್ತು. ವಾರದ ಯಾವ ದಿನ ಹಬ್ಬ ಬೀಳುತ್ತದೆ ಅಂತ ನೋಡದೆ ತಾರೀಕು ಬರೆದದ್ದು ಶುದ್ಧ ಪೆದ್ದುತನ. ಬ್ಲ್ಯಾಕ್ ಫ್ರೈಡೇ ಕೂಡ ಹೀಗೇ ಓಡಾಡುತ್ತದೆ. 2023ರಲ್ಲಿ ಅಲ್ಲಿಂದ ಹಬ್ಬಕ್ಕೆ 31 ದಿನ ಇತ್ತು, 2024ರಲ್ಲಿ 26 ದಿನ. ಐದು ದಿನ ಸಣ್ಣ ಅಂಗಡಿಗೆ ಸಣ್ಣದಲ್ಲ.

ಹಾಗಿದ್ದರೂ ಲಾಭ 2023ಕ್ಕಿಂತ ತುಸು ಮೇಲೆ, ಅಟ್ಟಕ್ಕೆ ಹೋದದ್ದು ಎರಡೇ ಪೆಟ್ಟಿಗೆ. ಪೂರ್ತಿ ದುಡ್ಡು ಕೊಟ್ಟವರು ಬಂದು ಜಗಳ ಆಡಲಿಲ್ಲ, ಯಾಕೆಂದರೆ ಅವರು ಮೊದಲೇ ಕೊಂಡ ಲೈಟಿನ ಬೆಲೆ ಇಳಿಯಲೇ ಇಲ್ಲ.

ಮೊದಲ ದಾರಿ ಯಾರಿಗೂ ಬೇಡ ಅಂತಲ್ಲ. ಜನವರಿ 1ಕ್ಕೆ ಬಾಡಿಗೆ, ಹೋಲ್‌ಸೇಲಿನವರ ಬಾಕಿ ಕುತ್ತಿಗೆಗೆ ಬಂದಿದ್ದರೆ ಲಾಭಕ್ಕಿಂತ ನಗದು ಮುಖ್ಯ. ಆಗ ಬಿಟ್ಟು ಮಾರಬೇಕು. ಉಳಿದ ಮಾಲು ವಾಪಸ್ ತಗೊಳ್ಳುವ ಹೋಲ್‌ಸೇಲಿನವರು ಸಿಕ್ಕಿದ್ದರೆ 2023ರ ದಾರಿಯಲ್ಲಿ ಧೈರ್ಯವಾಗಿ ಕೂರಬಹುದು. ಒಂದು ಆಟ ಮಾತ್ರ ಬೇಡ: ಅಕ್ಟೋಬರ್‌ನಲ್ಲಿ ಬೆಲೆ ಏರಿಸಿ ಡಿಸೆಂಬರ್‌ನಲ್ಲಿ ಇಳಿಸಿದಂತೆ ತೋರಿಸುವುದು. ಯುರೋಪಿಯನ್ ಒಕ್ಕೂಟದಲ್ಲಂತೂ 2022ರ ಮೇ ತಿಂಗಳಿಂದ ಕಾನೂನೇ ಇದೆ. ಕಡಿತ ಅಂತ ಹೇಳಿದರೆ ಹಿಂದಿನ 30 ದಿನಗಳ ಅತಿ ಕಡಿಮೆ ಬೆಲೆಯನ್ನೂ ತೋರಿಸಬೇಕು. ಕಾನೂನು ಇಲ್ಲದ ಕಡೆ ಗಿರಾಕಿಯ ಫೋನಿನಲ್ಲಿ ಹಳೇ ಬೆಲೆಯ ಫೋಟೋ ಇರುತ್ತದೆ.

ಈಗ ಮಾಲು ಬಂದ ದಿನವೇ ಪ್ರತಿ ಪೆಟ್ಟಿಗೆಯ ಮೇಲೆ ದಪ್ಪ ಪೆನ್ನಿನಲ್ಲಿ ಕಡಿತದ ತಾರೀಕು ಬರೆದುಬಿಡುತ್ತೇನೆ, ಪಕ್ಕದಲ್ಲಿ ಅದು ವಾರದ ಯಾವ ದಿನ ಅನ್ನುವುದನ್ನೂ. ಡಿಸೆಂಬರ್ 10ರ ನಡುಕದಲ್ಲಿ ಏನೂ ತೀರ್ಮಾನ ಮಾಡುವ ಹಾಗಿಲ್ಲ. ಅಡ್ವೆಂಟ್ ಕ್ಯಾಲೆಂಡರ್ ಮಾತ್ರ ಅರ್ಧ ಡಜನ್‌ಗಿಂತ ಜಾಸ್ತಿ ತರಿಸುತ್ತಿಲ್ಲ. ಆ ಹುಡುಗ ಮತ್ತೆ ಬಂದರೆ ನಾಲ್ಕು ಕಿಟಕಿಯ ದುಡ್ಡು ಕಳೆದೇ ಬಿಲ್ ಮಾಡುತ್ತೇನೆ.